ಸೀತಕ್ಕನ ಬಾಯಿಗೆ ನಾನು ಹಾಕಿದ ಸಹಿ

ಒಳ್ಳೆಯ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು. ಅಥವಾ ನಾನೇ ಹಾಗೆ ಕಲಿತುಕೊಂಡೆನೋ ಏನೋ! ಚಿಕ್ಕಮಗಳೂರಿನ ಆ ಸಭೆಗೆ ಹೊರಟ ದಿನವೂ ನನ್ನ ಬಳಿ ಇದ್ದದ್ದು ಅದೇ ನಂಬಿಕೆ, ಒಂದು ಮುತ್ತಿನ ಸರ ಮತ್ತು ಅಪ್ಪ ಕೊಡಿಸಿದ್ದ ಫೌಂಟನ್ ಪೆನ್ನು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದ ಕಾಲ. ಜಗತ್ತಿನ ದೇಶಗಳೆಲ್ಲ ಸೇರಿ ತಂಬಾಕಿನ ವಿರುದ್ಧ ಒಂದು ಒಪ್ಪಂದ ಮಾಡಿಕೊಂಡಿದ್ದವು. ನಮ್ಮ ದೇಶವೂ ಸಹಿ ಹಾಕಿತ್ತು. ಬೆಳಗಿನ ಕಡುಬಿನ ಮುಂದೆ ಕುಳಿತು ಇದೇ ವಿಷಯಕ್ಕೆ ನನಗೂ ನಮ್ಮ ಯಜಮಾನರಿಗೂ ವಾಗ್ವಾದ ಹತ್ತಿಕೊಂಡಿತು.

"ಹೊರಗೆ ಹೋಗಿ ಸಹಿ ಹಾಕೋದು ಸರ್ಕಾರ. ಆದ್ರೆ ಅದು ಮನೆಯೊಳಗೆ ನಡೀಬೇಕಾದ್ರೆ ಪಾರ್ಲಿಮೆಂಟು ಕಾನೂನು ಮಾಡ್ಬೇಕು," ಎಂದರು ಅವರು. "ಕೆಲವು ದೇಶಗಳಲ್ಲಂತೂ ಸಭೆ ಒಪ್ಪೋ ತನಕ ಆ ಸಹಿಗೆ ಬೆಲೆನೇ ಇಲ್ಲ."

"ನಾನ್‌ಸೆನ್ಸ್! ಆರೋಗ್ಯದ ವಿಷಯಕ್ಕೂ ಓಟು ಹಾಕಿಸ್ಬೇಕಾ? ಡಾಕ್ಟ್ರು ಮಾತ್ರೆ ಕೊಟ್ರೆ ನೀವು ಮೀಟಿಂಗ್ ಕರೀತೀರಾ?"

"ನುಂಗೋ ಬಾಯಿ ನಂದಲ್ವಾ ಮಾರಾಯ್ತಿ? ಅದನ್ನಾದ್ರೂ ಒಂದ್ ಮಾತು ಕೇಳ್ಬೇಕಲ್ಲ."

ನಾನು ಕೇಳಿಸದವಳಂತೆ ಚಟ್ನಿ ಬಡಿಸಿದೆ. ಆ ಮಾತನ್ನು ಅಲ್ಲೇ ಕಿವಿಗೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನನ್ನ ಚಿಂತೆ ದೇಶದ್ದಲ್ಲ, ನಮ್ಮ ಸೀತಕ್ಕನದು. ಸೀತಕ್ಕ ಎಂದರೆ ಯಜಮಾನರ ಅಕ್ಕ. ಪಕ್ಕದ ತೋಟದಲ್ಲೇ ಮನೆ. ಎಲೆ, ಅಡಿಕೆ, ಸುಣ್ಣ, ಅದರ ಮೇಲೊಂದು ಚೂರು ಹೊಗೆಸೊಪ್ಪು ಎಡಗೆನ್ನೆಯಲ್ಲಿ ಇಲ್ಲದ ಹೊತ್ತು ಅವರ ಬದುಕಿನಲ್ಲಿ ಕಡಿಮೆ. ಆ ಎಡಗೆನ್ನೆಯೊಳಗೇ ಒಂದು ಬಿಳಿಯ ಮಚ್ಚೆ ಎದ್ದಿತ್ತು. ಒಮ್ಮೆ ಅವರು ಜೋರಾಗಿ ನಕ್ಕಾಗ ಕಂಡೆ. ಆಮೇಲೆ ಗಮನಿಸಿದರೆ ಅವರು ಖಾರ ಬಿಟ್ಟಿದ್ದರು, ಅಕ್ಕಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ನನಗೆ ರಾತ್ರಿ ನಿದ್ದೆ ಬರದಂತಾಯಿತು.

ಆದರೆ ನೇರವಾಗಿ ಕೇಳುವುದು ಹೇಗೆ? ಮ್ಯಾನರ್ಸ್ ಎಂಬ ರೋಗ ನನಗೆ ಚಿಕ್ಕಂದಿನಲ್ಲೇ ತಗುಲಿತ್ತು. ಮ್ಯಾಗಜೀನುಗಳಿಂದ ತಂಬಾಕಿನ ಲೇಖನಗಳನ್ನು ಕತ್ತರಿಸಿ ಅವರ ಟೀಪಾಯಿಯ ಮೇಲೆ ಮರೆತವಳಂತೆ ಇಟ್ಟು ಬಂದೆ. ಅವರು ಅವುಗಳಲ್ಲಿ ಅಡಿಕೆ ಚೂರು ಕಟ್ಟಿಕೊಂಡರು.

ಅಷ್ಟರಲ್ಲಿ ಬಂತು ಆ ಆಹ್ವಾನ. ಜಿಲ್ಲೆಯ ಮಹಿಳಾ ಸಮಾಜಗಳೆಲ್ಲ ಸೇರಿ ದೊಡ್ಡ ದೇಶಗಳ ಹಾಗೆ ತಾವೂ ಒಂದು ಒಪ್ಪಂದ ಮಾಡಿಕೊಳ್ಳುವುದಂತೆ. ಷರತ್ತು ಮೂರು. ಸದಸ್ಯೆಯರು ತಂಬಾಕು ಮುಟ್ಟಕೂಡದು. ಮನೆಯೊಳಗೆ ತರಕೂಡದು. ಎಲ್ಲರೂ ಬಾಯಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಒಪ್ಪಿದ ಸಮಾಜಕ್ಕೆ ಡಾಕ್ಟರ ವ್ಯಾನು ಬರುತ್ತದೆ. ವ್ಯಾನು! ಸೀತಕ್ಕ ಡಾಕ್ಟರ ಹತ್ತಿರ ಹೋಗದಿದ್ದರೇನು, ಡಾಕ್ಟರೇ ಸೀತಕ್ಕನ ಹತ್ತಿರ ಬರಲಿ! ಚಿಕ್ಕಮಗಳೂರಿಗೆ ಹೋಗಿ, ಮೂಡಿಗೆರೆಯ ನಮ್ಮ ಸಮಾಜದ ಅಧ್ಯಕ್ಷೆಯಾಗಿ, "ಆನ್ ಬಿಹಾಫ್ ಆಫ್ ಮೈ ಪೀಪಲ್" ಎಂದು ಇಂಗ್ಲಿಷಿನಲ್ಲಿ ಘೋಷಿಸಿ ಸಹಿ ಹಾಕಿದೆ. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಫೋಟೋ ಪೇಪರಿನಲ್ಲೂ ಬಂತು.

ಮೈ ಪೀಪಲ್ ಪೇಪರು ಓದುತ್ತಾರೆಂಬುದು ನನಗೆ ಹೊಳೆದಿರಲಿಲ್ಲ.

ಮುಂದಿನ ಸಭೆಗೆ ಎಂದೂ ಬರದವರೂ ಬಂದಿದ್ದರು. ಸೀತಕ್ಕ ಮೊದಲ ಸಾಲಿನಲ್ಲೇ ಕುಳಿತಿದ್ದರು. ನಮ್ಮ ಕಾರ್ಯದರ್ಶಿ ಜುಬೇದಾ, ಪೇಟೆಯಲ್ಲಿ ಜೀಪು ರಿಪೇರಿಯ ಗ್ಯಾರೇಜು ಇಟ್ಟವರ ಹೆಂಡತಿ, ಎದ್ದು ನಿಂತು ಮೆಲ್ಲಗೆ ಕೆಮ್ಮಿದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಹೊರಗಿನವರ ಜೊತೆ ಯಾವ ಒಪ್ಪಂದ ಮಾಡಿದ್ರೂ ಸಭೆ ಕೈ ಎತ್ತಿ ಒಪ್ಪೋ ತನಕ ಅದು ನಡೆಯಲ್ಲ ಅಂತ ನಮ್ಮ ನಿಯಮ ಉಂಟು."

"ಯಾವ ಪುಣ್ಯಾತ್ಮರು ಮಾಡಿದ್ದು ಆ ನಿಯಮ?"

"ನೀವೇ ಮೇಡಂ."

ಆಗ ನೆನಪಾಯಿತು. ಹತ್ತು ವರ್ಷಗಳ ಹಿಂದೆ, ಪೋಲಿಯೋ ಹನಿ ಹಾಕುವ ಕ್ಯಾಂಪಿಗೆ ಬಂದವರಿಗೆಲ್ಲ ನಮ್ಮ ಸಮಾಜವೇ ಊಟ ಹಾಕುತ್ತದೆಂದು ಆಗಿನ ಅಧ್ಯಕ್ಷೆ ಯಾರನ್ನೂ ಕೇಳದೆ ಒಪ್ಪಿ ಬಂದಿದ್ದರು. ಕಡುಬು ಬೇಯಿಸಿ ಬೇಯಿಸಿ ನಮ್ಮ ಕೈಯೇ ಬೆಂದುಹೋಗಿತ್ತು. ಆ ಸಿಟ್ಟಿಗೆ ಈ ನಿಯಮವನ್ನು ತಂದವಳು ನಾನೇ. ನನಗಿಂತ ಮುಂಚೆಯೇ ನಾನು ನನ್ನ ದಾರಿಗೆ ಬೇಲಿ ಹಾಕಿಟ್ಟಿದ್ದೆ!

ಸೀತಕ್ಕ ಎದ್ದರು. "ಲೀಲಾ, ನಿನ್ನ ಬಾಯಿಗೆ ನೀನು ಬೇಕಾದಷ್ಟು ಸಹಿ ಹಾಕ್ಕೋ. ನನ್ನ ಬಾಯಿಗೆ ಸಹಿ ಹಾಕಕ್ಕೆ ನೀನ್ಯಾರೇ?"

"ಅದು ಆರೋಗ್ಯದ ವಿಷಯ ಅಕ್ಕಾ, ಇಂಟರ್‌ನ್ಯಾಷನಲ್ ಆಗಿ..."

"ಆ ಎರಡನೇ ಷರತ್ತೇನೇ? ಹೊಗೆಸೊಪ್ಪು ಮನೆಯೊಳಗೇ ತರಬಾರ್ದಾ? ಮಳೆಗಾಲದಲ್ಲಿ ಇಂಬಳ ಹತ್ತಿದ್ರೆ ನಿನ್ನ ಇಂಟರ್‌ನ್ಯಾಷನಲ್ ಹಚ್ತೀಯಾ?"

ಸಭೆ ಗೊಳ್ಳೆಂದಿತು. ನಮ್ಮ ತೋಟಗಳಲ್ಲಿ ರಕ್ತ ಹೀರುವ ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಬಳಿಯುವುದೇ ಮದ್ದು. ಚಿಕ್ಕಮಗಳೂರಿನ ಟೈಲ್ಸ್ ಹಾಕಿದ ಹಾಲಿನಲ್ಲಿ ಕುಳಿತು ಸಹಿ ಹಾಕುವಾಗ ನನಗೆ ಇಂಬಳದ ನೆನಪಾದರೂ ಎಲ್ಲಿಂದ ಬರಬೇಕು? ಕೊನೆಗೆ, ವ್ಯಾನು ಬರುವ ದಿನವೇ ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಸಭೆ ಒಪ್ಪದಿದ್ದರೆ ವ್ಯಾನು ಬಂದ ದಾರಿಯಲ್ಲೇ ವಾಪಸು, ಸೀತಕ್ಕನ ಮಚ್ಚೆ ಇದ್ದಲ್ಲೇ ಬಾಕಿ.

ಆ ದಿನ ಮಳೆ ಸುರಿದು ಸುರಿದು ತುಸು ಹೊಳವಾಗಿತ್ತು. ನಮ್ಮ ಸಮಾಜದ ಕಟ್ಟಡ ಇರುವುದು ಕೊಟ್ಟಿಗೆಹಾರದ ರಸ್ತೆಯ ಮೇಲ್ಬದಿಯ ಏರಿನಲ್ಲಿ. ವ್ಯಾನು ಏರು ಹತ್ತಲಾರದೆ ಕೆಳಗೇ ನಿಂತಿತು. ಅತಿಥಿಗಳನ್ನು ಎದುರುಗೊಳ್ಳುವುದು ಅಧ್ಯಕ್ಷೆಯ ಧರ್ಮ. ಬಿಳಿಯ ರೇಷ್ಮೆ ಸೀರೆಯುಟ್ಟು, ಹತ್ತಿರದ ದಾರಿಯೆಂದು ಕಾಫಿ ಗಿಡಗಳ ನಡುವೆ ಇಳಿದೆ. ಅರ್ಧ ದಾರಿಯಲ್ಲಿ ಹಿಮ್ಮಡಿಯ ಬಳಿ ತಣ್ಣಗೆ ಏನೋ ಹರಿದಂತಾಯಿತು. ಸೀರೆ ಎತ್ತಿ ನೋಡಿದೆ. ಒಂದಲ್ಲ, ಎರಡಲ್ಲ, ಇಂಬಳಗಳ ಮಹಾಸಭೆ! ಕೋರಂ ಭರ್ತಿ!

ನಾನು ಕುಣಿದೆ. ಕಿರುಚಿದೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರನ್ನೂ ಅಜ್ಜಿ ಕಲಿಸಿದ ಶ್ಲೋಕವನ್ನೂ ಒಟ್ಟಿಗೇ ಹೇಳಿದೆ. ಮೇಲಿನಿಂದ ಸೀತಕ್ಕ ಸರಸರ ಇಳಿದು ಬಂದರು. ಸೊಂಟದ ಚೀಲದಿಂದ ಹೊಗೆಸೊಪ್ಪು, ಸುಣ್ಣ ತೆಗೆದು ಅಂಗೈಯಲ್ಲಿ ತಿಕ್ಕಿದರು. ಹಚ್ಚಲು ಬಾಗಿದವರು ಕೈ ತಡೆದರು.

"ಇರು ಇರು. ಇದು ಒಪ್ಪಂದದ ಉಲ್ಲಂಘನೆ ಆಗ್ತದಲ್ಲನೇ? ಬೇಡ ಅಂದ್ರೆ ಬಿಡ್ತೀನಪ್ಪ."

"ಹಚ್ಚಿ ಅಕ್ಕಾ, ಹಚ್ಚಿ!"

ಅವರು ಒಂದು ಕಾಲಿಗೆ, ನಾನು ಹೊಗೆಸೊಪ್ಪಿನ ಉಂಡೆ ಕಸಿದುಕೊಂಡು ಇನ್ನೊಂದು ಕಾಲಿಗೆ. ಇಂಬಳಗಳು ಪಟಪಟ ಉದುರಿದವು. ಕಾಲಿನಿಂದ ರಕ್ತ ಇಳಿಯುತ್ತಿತ್ತು. ಒಂದು ಕಲ್ಲಿನ ಮೇಲೆ ಕುಸಿದು ಕುಳಿತೆ. ಮ್ಯಾನರ್ಸೆಲ್ಲ ಇಂಬಳಗಳ ಜೊತೆಗೇ ಉದುರಿತ್ತೋ ಏನೋ, ಬಾಯಿಂದ ಮಾತು ತಾನಾಗಿ ಬಂತು.

"ಅಕ್ಕಾ, ನಿಮ್ಮ ಕೆನ್ನೆಯೊಳಗಿನ ಆ ಬಿಳಿ ಮಚ್ಚೆ ನೋಡಿದಾಗಿನಿಂದ ನಂಗೆ ಹೆದರಿಕೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ತೀರಾ?"

ಸೀತಕ್ಕ ಅಂಗೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಕಣ್ಣಂಚು ತುಸು ಒದ್ದೆಯಾಯಿತು.

"ನಂಗೂ ಹೆದರಿಕೆನೇ ಕಣೇ. ಇದನ್ನ ಮೊದ್ಲೇ ಕೇಳಿದ್ರೆ ಚಿಕ್ಕಮಗಳೂರಿಗೆ ಹೋಗೋ ಪೆಟ್ರೋಲಾದ್ರೂ ಉಳೀತಿತ್ತು."

ಅಷ್ಟರಲ್ಲಿ ಕೆಳಗಿನಿಂದ ಕೊಡೆ ಹಿಡಿದ ಯುವ ಡಾಕ್ಟರಮ್ಮ ಹತ್ತಿ ಬಂದರು. ತಂಬಾಕು ವಿರೋಧಿ ಒಕ್ಕೂಟದಲ್ಲಿ ಮೂಡಿಗೆರೆಯ ಸಹಿದಾರಳಾದ ನನ್ನ ಕೈಯಲ್ಲಿ ನಿಂಬೆಗಾತ್ರದ ಹೊಗೆಸೊಪ್ಪಿನ ಉಂಡೆ!

"ಪರವಾಗಿಲ್ಲ ಅಮ್ಮಾ," ಎಂದರು ಆಕೆ ಕರುಣೆಯಿಂದ. "ಬಿಡೋದು ಮೊದಮೊದಲು ಎಲ್ಲರಿಗೂ ಕಷ್ಟವೇ."

ಸಭೆಯಲ್ಲಿ ಸೀತಕ್ಕನೇ ತಿದ್ದುಪಡಿ ಮಂಡಿಸಿದರು. "ಹೊಗೆಸೊಪ್ಪು ಕಾಲಿಗಿರಲಿ, ಬಾಯಿಗೆ ಬೇಡ. ಬಾಯಿ ತೋರಿಸೋದು ಅಧ್ಯಕ್ಷರಿಂದ ಶುರುವಾಗ್ಲಿ." ಹೇಳಿದವರೇ ಮೊದಲು ಕೈ ಎತ್ತಿದರು. ಹಿಂದೆಯೇ ಎಲ್ಲ ಕೈಗಳೂ ಎದ್ದವು.

ಅಧ್ಯಕ್ಷರಿಂದ ಶುರು! ಎಲ್ಲರೆದುರು ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದೆ. ಡಾಕ್ಟರಮ್ಮ ಟಾರ್ಚು ಬಿಟ್ಟು, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದರು: "ಅಮ್ಮಾ, ಆ ಹಲ್ಲಿನ ಸೆಟ್ಟು ಸ್ವಲ್ಪ ತೆಗೀರಿ." ಅಷ್ಟು ವರ್ಷ ಇಡೀ ಮೂಡಿಗೆರೆ ಹೊಗಳಿದ್ದ ನನ್ನ ಮುತ್ತಿನಂಥ ಹಲ್ಲುಗಳು ಒಂದು ಸ್ಟೀಲು ತಟ್ಟೆಗೆ ಬಂದು ಕುಳಿತವು. ಜುಬೇದಾ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯತ್ತ ತಿರುಗಿದರು.

ಸೀತಕ್ಕನ ಸರದಿ ಬಂದಾಗ ಮಾತ್ರ ಯಾರೂ ನಗಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ನೋಡಿ, ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿ ಎಂದರು. ಘಾಟಿ ಇಳಿಯುವಷ್ಟು ಹೊತ್ತೂ ಅವರ ಕೈ ನನ್ನ ಕೈಯಲ್ಲಿತ್ತು. ನಾವು ಹೆದರಿದ್ದ ಕ್ಯಾನ್ಸರ್ ಅದಾಗಿರಲಿಲ್ಲ. ಆದರೆ ಬಿಡದೆ ಇದ್ದರೆ ಆಗುವ ದಾರಿಯಲ್ಲೇ ಇತ್ತಂತೆ. ಸೀತಕ್ಕ ಬಿಟ್ಟರು.

"ನಾನು ಸಹಿ ಹಾಕಿ ಬಂದಾಗ ಬಿಡದವರು ಈಗ ಹೇಗೆ ಬಿಟ್ರಿ?" ಎಂದು ಕೇಳಿದೆ.

"ಅದು ನಿನ್ನ ಸಹಿ. ಇದು ನಾನೇ ಎತ್ತಿದ ಕೈ ಅಲ್ವನೇ?"

ಪಾರ್ಲಿಮೆಂಟನ್ನು ಯಾಕೆ ಕೇಳಬೇಕೆಂದು ಕಡುಬಿನ ಮುಂದೆ ವಾದಿಸಿದ್ದು ನೆನಪಾಯಿತು. ದೂರದ ಮೇಜಿನ ಮೇಲೆ ಹಾಕಿದ ಸಹಿ ಎಷ್ಟೇ ಒಳ್ಳೆಯದಿರಲಿ, ಮನೆಯವರನ್ನು ಕೇಳದಿದ್ದರೆ ಅದು ಅಲ್ಲೇ ಆ ಮೇಜಿನ ಮೇಲೇ ಉಳಿಯುತ್ತದೆ. ಕೇಳುವುದರಿಂದ ತಡವಾಗುತ್ತದೆ ನಿಜ. ಆ ತಡದಲ್ಲಿ ಸೀತಕ್ಕನಿಗೆ ಏನಾದರೂ ಆಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಹೆದರುತ್ತೇನೆ. ಆದರೆ ಕೇಳದೆ ಕಳೆದ ತಿಂಗಳುಗಳ ಹೊಣೆ ಯಾವ ಸಭೆಯದೂ ಅಲ್ಲ, ನನ್ನದೇ.

ಮರುವರ್ಷ ಮತ್ತೊಂದು ಆಹ್ವಾನ ಬಂತು. ಈ ಸಲದ ಒಪ್ಪಂದ, ಆರೋಗ್ಯಕ್ಕಾಗಿ ದಿನಕ್ಕೆ ಎರಡೇ ಲೋಟ ಕಾಫಿ! ಕಾಫಿ ಬೆಳೆಯುವ ನಾಡಿನಲ್ಲಿ! ನಮ್ಮ ಸಮಾಜ ತುರ್ತು ಸಭೆ ಸೇರಿ ಸರ್ವಾನುಮತದಿಂದ ನಿರ್ಣಯಿಸಿತು: ಅಧ್ಯಕ್ಷರು ಹೋಗಬಹುದು, ಅಧ್ಯಕ್ಷರ ಪೆನ್ನು ಹೋಗಕೂಡದು. ಜುಬೇದಾ ಪೆನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಚಿಕ್ಕಮಗಳೂರಿನಲ್ಲಿ ಸಹಿಯ ಹೊತ್ತು ಬಂದಾಗ ನಾನು ಗಂಭೀರವಾಗಿ ಎದ್ದು, "ಐ ಮಸ್ಟ್ ಕನ್ಸಲ್ಟ್ ಮೈ ಪಾರ್ಲಿಮೆಂಟ್" ಎಂದೆ. ಎಂಥ ಪ್ರಜಾಪ್ರಭುತ್ವ ಎಂದು ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಕಣ್ಣೊರೆಸಿಕೊಳ್ಳೋಣವೆಂದು ವ್ಯಾನಿಟಿ ಬ್ಯಾಗಿನಿಂದ ಕರ್ಚೀಫು ಎಳೆದೆ. ಅದರ ಜೊತೆಗೆ, ದಾರಿಯಲ್ಲಿ ಇಂಬಳ ಹತ್ತೀತೆಂದು ಸೀತಕ್ಕ ತುರುಕಿದ್ದ ಹೊಗೆಸೊಪ್ಪಿನ ಪೊಟ್ಟಣ ವೇದಿಕೆಯ ನಟ್ಟನಡುವೆ ಬಿತ್ತು!

ಮುಂದಿನ ಸಾಲಿನಲ್ಲಿದ್ದ ಅದೇ ಡಾಕ್ಟರಮ್ಮ ನಿಟ್ಟುಸಿರಿಟ್ಟರು. "ಇನ್ನೂ ಬಿಡಕ್ಕಾಗಿಲ್ವಾ ಅಮ್ಮಾ?"