ಯಾರೂ ತಲೆಯೆತ್ತದ ಹಾಡು

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ನಾನು ಹಾಡುಗಾರ. ನನ್ನ ಹಾಡನ್ನು ಯಾರೂ ಗಮನವಿಟ್ಟು ಕೇಳಬಾರದು ಅಂತಲೇ ನನಗೆ ಸಂಬಳ.

ದೊಡ್ಡ ಹೋಟೆಲೊಂದರ ಲೌಂಜಿನಲ್ಲಿ ನಮ್ಮದು ನಾಲ್ಕು ಜನರ ಬ್ಯಾಂಡು. ಜನ ಕುಣಿದು ಕುಪ್ಪಳಿಸಿದ ಪಾಪ್ ಹಾಡುಗಳನ್ನು ಹಿಡಿದು ತಂದು, ತಲೆ ಸವರಿ, ಸೋಫಾ ಮೇಲೆ ಮಲಗಿಸುವುದೇ ನಮ್ಮ ಕಲಾಸೇವೆ. ಡ್ರಮ್ಮಿನವನು ಹೊಡೆಯುವುದಿಲ್ಲ, ಬ್ರಷ್ಷಿನಲ್ಲಿ ಉಜ್ಜುತ್ತಾನೆ. ಬಾಗಿಲಲ್ಲಿ ನಿಂತ ಮ್ಯಾನೇಜರ್ ಗಿರಾಕಿಗಳ ತಲೆಗಳನ್ನೇ ಕಾಯುತ್ತಿರುತ್ತಾನೆ. ಒಂದೇ ಒಂದು ತಲೆ ಚಹಾದ ಕಪ್ಪಿನಿಂದ ಮೇಲೆದ್ದು ನಮ್ಮತ್ತ ತಿರುಗಿದರೂ ಅವನ ಅಂಗೈ ಕೆಳಗಿಳಿಯುತ್ತದೆ, ಅಂದರೆ ದನಿ ಇಳಿಸಿ ಅಂತ. ಹನ್ನೊಂದು ವರ್ಷದಲ್ಲಿ ಒಮ್ಮೆ ಮಾತ್ರ ಚಪ್ಪಾಳೆ ಕೇಳಿದ್ದೇನೆ. (ಯಾರೋ ಸಕ್ಕರೆ ತರಲು ಮಾಣಿಯನ್ನು ಕರೆದದ್ದು.)

ಹೊಲಿಗೆ ಕೆಲಸದ ನನ್ನ ಹೆಂಡತಿಗೆ ಹೇಳಿದ್ದೇ ಬೇರೆ. "ನಾನು ಬಾಯಿ ತೆರೆದರೆ ಸಭೆಗೆ ಸಭೆಯೇ ಎದ್ದು ನಿಲ್ಲುತ್ತೆ ಕಣೇ! ನೂಕುನುಗ್ಗಲು. ನೀನು ಬರೋದು ಬೇಡ." ಅವಳು ಹೂಂ ಎಂದು ನನ್ನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಹಾಡಿನ ನಡುವೆ ಕಣ್ಣೆತ್ತಿದರೆ ಕಿಟಕಿಯ ಪಕ್ಕದ ಮೇಜಿನಲ್ಲಿ ಹೆಂಡತಿ! ಜೊತೆಗೆ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡ ಅತ್ತೆ. ನನ್ನತ್ತ ನೋಡುವ ಒಂದು ಪ್ರಾಣಿಯಾದರೂ ಬೇಡವೇ? ಒಬ್ಬ ಫೋನು ತೀಡುತ್ತಿದ್ದ, ಒಬ್ಬಳು ಬಿಸ್ಕತ್ತು ಅದ್ದುತ್ತಿದ್ದಳು, ಅತ್ತೆಯ ತಲೆಯೂ ಎದೆಗೆ ಬಾಗಿತ್ತು. ನನ್ನ ಬಂಡವಾಳವೆಲ್ಲ ಬಯಲಾಯಿತು. ಆದದ್ದಾಗಲಿ ಎಂದು ಮೈಕು ನುಂಗುವವನ ಹಾಗೆ ಹಿಡಿದು, ಹಾಡಿನ ಅಸಲಿ ವೇಗದಲ್ಲೇ ಒಂದು ಆರ್ಭಟ ಕೊಟ್ಟೆ.

ಸಭೆ ಎದ್ದು ನಿಂತಿತು. (ಅರ್ಧ ಸಭೆ ಬಾಗಿಲಿಗೇ ಓಡಿತು.) ಯಾರದೋ ಚಹಾ ಯಾರದೋ ಮಡಿಲಿಗೆ ಬಿತ್ತು. ಅತ್ತೆ "ಅಯ್ಯೋ!" ಎಂದು ಬೆಚ್ಚಿ ಮೊಣಕಾಲು ಹಿಡಿದುಕೊಂಡರು. ಮ್ಯಾನೇಜರ್ ವೈರು ಕಿತ್ತು, "ಒಂದು ವಾರ ಈ ಕಡೆ ತಲೆ ಹಾಕಬೇಡಿ" ಅಂದ.

ಮನೆಯಲ್ಲಿ ತಲೆ ತಗ್ಗಿಸಿ ಹೇಳಿದೆ, "ನಿನ್ನ ಹತ್ತಿರ ಸುಳ್ಳು ಹೇಳಿದ್ದೆ."

"ಸುಳ್ಳು ಹಾಳಾಗಲಿ, ನಿಮಗೇನು ದೆವ್ವ ಹಿಡಿದಿತ್ತಾ? ಆಪರೇಷನ್ ಆದಾಗಿಂದ ಅಮ್ಮ ನೋವಿಗೆ ಕಣ್ಣು ಮುಚ್ಚಿಲ್ಲ. ನಿಮ್ಮ ಹಾಡಿಗಾದರೂ ನಿದ್ದೆ ಬರಲಿ ಅಂತ ಕರ್ಕೊಂಡು ಬಂದರೆ, ಬಂದ ನಿದ್ದೇನೂ ಓಡಿಸಿದ್ರಿ!"

"ನಿದ್ದೆ ಬರುತ್ತೆ ಅಂತ ನಿನಗೆ ಹೇಗೆ ಗೊತ್ತು?"

"ಎಷ್ಟೋ ವರ್ಷದಿಂದ ಬರ್ತಿದೀನಲ್ಲ, ಕಂಬದ ಹಿಂದಿನ ಕುರ್ಚಿಗೆ. ಹೊಲಿದು ಹೊಲಿದು ಕಣ್ಣು ಉರಿದಾಗ ಅಲ್ಲೇ ಒಂದು ಗಳಿಗೆ ಒರಗೋದು. ಇವತ್ತು ಅಮ್ಮ ಕಾಲು ಚಾಚಬೇಕಲ್ಲ, ಅದಕ್ಕೆ ಕಿಟಕಿ ಹತ್ತಿರ ಕೂತೆ. ಸಭೆ ಎದ್ದು ನಿಲ್ತು ಅಂತ ನೀವು ಕೊಚ್ಚಿಕೊಳ್ಳೋವಾಗ ನಗು ತಡೆಯೋದೇ ಕಷ್ಟ ಆಗ್ತಿತ್ತು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಒಳಗೆ ಅತ್ತೆ ನರಳುತ್ತಿದ್ದರು. ಕೋಟು ತೆಗೆಯದೆ ಅವರ ಮಂಚದ ಪಕ್ಕ ಕೂತು ಅದೇ ಹಾಡನ್ನು ಮೆಲ್ಲಗೆ ಶುರು ಮಾಡಿದೆ. ಎರಡನೇ ಸಾಲಿಗೆ ಗೊರಕೆ ಕೇಳಿಸಿತು. ಹೆಮ್ಮೆಯಿಂದ ಮೂರನೇ ಸಾಲನ್ನು ಕೊಂಚ ಎತ್ತಿದೆ ನೋಡಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿ ಥೇಟ್ ಮ್ಯಾನೇಜರನ ಹಾಗೆಯೇ ಅಂಗೈ ಕೆಳಗಿಳಿಸಿದಳು.