ಮೂರು ದಿನದ ಮುಯ್ಯಿ

ತೊಂಬತ್ತೈದನೇ ಇಸವಿಯ ಆಷಾಢ. ಪಾಂಡವಪುರದ ಬಯಲಲ್ಲಿ ನಾಟಿ ಬಿರುಸಾಗಿತ್ತು. ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿದು ಮುಯ್ಯಿ ತೀರಿಸಿಕೊಳ್ಳುವ ಕಾಲ. ನಾಲೆಯಾಚೆ ಮನೆಯ ಚೌರಪ್ಪ ಇನ್ನಾಸಪ್ಪನ ಗದ್ದೆಯಲ್ಲಿ ಮೂರು ದಿನ ದುಡಿದುಕೊಟ್ಟಿದ್ದ. ಅದನ್ನು ತೀರಿಸಬೇಕಿದ್ದ ಇನ್ನಾಸಪ್ಪ ಜ್ವರವೆಂದು ಹೇಳಿಕಳಿಸಿ ಕಂಬಳಿ ಹೊದ್ದು ಮಲಗಿದ್ದ. ಕೆಟ್ಟ ಪಂಪ್‌ಸೆಟ್ಟು ನೀರೆಳೆಯಲು ಹೆಣಗುವಂತೆ ಗೊರಕೆ ಬಿಟ್ಟುಬಿಟ್ಟು ಬರುತ್ತಿತ್ತು.

ಎಚ್ಚರವಾದಾಗ ಮನೆಯಲ್ಲಿ ಯಾರೂ ಇರಲಿಲ್ಲ. ತಲೆಯ ಬಳಿ ಮೇಣದಬತ್ತಿ ಉರಿಯುತ್ತಿತ್ತು. ಹಣೆಯಲ್ಲಿ, ಎರಡೂ ಅಂಗೈಯಲ್ಲಿ, ಎಣ್ಣೆಯಿಂದ ಎಳೆದ ಶಿಲುಬೆ. ಅಪ್ಪ ಸತ್ತ ದಿನ ಕಂಡಿದ್ದ ಎಣ್ಣೆ.

ಹೊರಗೆ ಬಂದರೆ ಎದುರುಮನೆ ಪುಟ್ಟಗೌರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಎದ್ಬುಟ್ಯಾ? ನಿಮ್ ಹೊಸ ಸ್ವಾಮೇರು ಲೂನಾದಲ್ಲಿ ಬಂದಿದ್ರು. ಆ ಎಣ್ಣೆ ಸಾಯೋರ್ಗಲ್ವಾ ಹಚ್ಚೋದು?"

ಊರ ಗುಂಡಿ ತೋಡುವ ಮಂಚಯ್ಯ ಆಗಲೇ ಅಳತೆ ಕೋಲು ತಂದಿದ್ದ. "ನೆಟ್ಟಗೆ ನಿಂತ್ಕೊಳ್ಲಾ. ಮಳೆ ಬುಟ್ಟಾಗ್ಲೇ ತೋಡಿದ್ರೆ ನಂಗೂ ವಾಸಿ, ನಿಂಗೂ ವಾಸಿ."

ಮುಯ್ಯಿ ಹೊತ್ತುಕೊಂಡು ದೇವರ ಮುಂದೆ ನಿಲ್ಲುವುದು ಹೇಗೆ? ಇನ್ನಾಸಪ್ಪ ಚೌರಪ್ಪನ ಗದ್ದೆಗೆ ಓಡಿದ.

ಆಳುಗಳಿರಲಿಲ್ಲ. ಪೈರಿನ ಕಟ್ಟುಗಳು ಎಸೆದಲ್ಲೇ ಬಿದ್ದಿದ್ದವು. ಬದುವಿನ ಮೇಲೆ ಚೌರಪ್ಪನೊಬ್ಬನೇ ನಿಂತಿದ್ದ. ಅಷ್ಟು ಕೆಸರಲ್ಲೂ ಅವನ ಕಾಲು ತೊಳೆದಂತಿದ್ದವು.

"ಅಣ್ಣ, ಜ್ವರ ಸುಳ್ಳು ಕಣಣ್ಣ. ಮೂರು ದಿನಾನೂ ಮಾಡ್ಕೊಡ್ತೀನಿ."

"ಗೊತ್ತು ಕಣ್ಲಾ. ನಾನ್ ಬುಟ್ಟೆ. ನಿನ್ ಮುಯ್ಯಿ ತೀರ್ತು, ಮನೇಗೋಗು."

ಆಗ ಸಕ್ಕರೆ ಫ್ಯಾಕ್ಟರಿಯ ಎರಡು ಗಂಟೆಯ ಸೈರನ್ನು ಕೂಗಿತು.

ಎದೆ ಹಗುರಾಗಿ ಇನ್ನಾಸಪ್ಪ ಚರ್ಚಿಗೆ ಹೋದ. ಫಾದರು ಮೆಟ್ಟಿಲ ಮೇಲೆ ತಲೆತಗ್ಗಿಸಿ ಕೂತಿದ್ದರು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಕ್ಷಮಿಸಪ್ಪ. ಆ ಎಣ್ಣೆ ಸಾಯೋಕಲ್ಲ, ರೋಗಿಗೆ ದೇವರ ಕೃಪೆ ಸಿಗಲಿ ಅಂತ. ಆದರೆ ಅದು ನಿನಗಲ್ಲ. ಗದ್ದೆಯಲ್ಲಿ ಎದೆ ಹಿಡಿದು ಬಿದ್ದ ಚೌರಪ್ಪನಿಗೆ ಕರೆದಿದ್ದರು. ನಾನು ಹೊಸಬ, ಮನೆ ತಪ್ಪಿದೆ. ನಿನ್ನ ಗೊರಕೆಯನ್ನು ಕೊನೆಯುಸಿರು ಅಂದುಕೊಂಡೆ. ನಾಲೆ ದಾಟಿ ಅಲ್ಲಿಗೆ ಹೋದಾಗ ಮಧ್ಯಾಹ್ನ ಒಂದು ಗಂಟೆ. ಅವನು ಹೋಗಿಬಿಟ್ಟಿದ್ದ."

ಇನ್ನಾಸಪ್ಪನ ಅಂಗೈಯ ಎಣ್ಣೆ ಮಂಜಿನಂತೆ ತಣ್ಣಗಾಯಿತು.

ಸಾವಿನ ಮನೆಯಲ್ಲಿ ಚೌರಪ್ಪನ ಹೆಂಡತಿ ಆರೋಗ್ಯಮ್ಮ ಕಣ್ಣೊರೆಸಿಕೊಂಡಳು. "ನಾಟಿ ಅರ್ಧಕ್ಕೇ ನಿಂತದೆ. ಇನ್ನಾಸಪ್ಪಂದು ಮೂರು ದಿನದ ಮುಯ್ಯಿ ಐತೆ ಅಂತಿದ್ರು. ನಾಳಿದ್ದಿಂದ ಬತ್ತೀಯಾ ತಾನೆ?"

ಚೌರಪ್ಪನೇ ಬುಟ್ಟೆ ಅಂದನಲ್ಲ ಎನ್ನಲು ಇನ್ನಾಸಪ್ಪ ಬಾಯಿ ತೆರೆದ. ಯಾವಾಗ ಅಂದರು ಅಂತ ಕೇಳಿದರೆ?

"ಬತ್ತೀನಿ ಕಣಕ್ಕ."

ಗುಂಡಿಯ ಬಳಿ ಮಂಚಯ್ಯ ಅವನ ಕೈಗೆ ಗುದ್ದಲಿ ತುರುಕಿದ. "ನಿನ್ನಳತೆಗೆ ತೋಡಿದ್ದೆ ಕಣ್ಲಾ. ಚೌರಪ್ಪ ಉದ್ದಾಳು. ಇನ್ನೊಂದು ಗೇಣು ನೀನೇ ತೋಡು, ನನ್ ಮುಯ್ಯೀನೂ ತೀರ್ಲಿ."

ಇನ್ನಾಸಪ್ಪ ತಲೆಯೆತ್ತದೆ ತೋಡಿದ. ಎತ್ತಿದರೆ ಗುಂಡಿಯಂಚಿನಲ್ಲಿ ತೊಳೆದಂಥ ಎರಡು ಕಾಲು ಕಂಡಾವೆಂಬ ಭಯ.