ಏಳಬಾರದ ದೋಣಿ

ನಿಯಮವಿದ್ದ ಕಡೆ ನಗುವಿಗೆ ಜಾಗವಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ನನ್ನ ಪಾಲಿಗೆ ಬಂದ, ದೋಣಿಯಲ್ಲಿ ಹೊಳೆ ದಾಟುವ ಕಡವಿನಲ್ಲಿ ದಿನಕ್ಕೊಂದು ನಗೆಯ ಪ್ರಸಂಗ ನಡೆಯುತ್ತಲೇ ಇತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದಿಂದ ಸೊರಬಕ್ಕೆ ಓವರ್‌ಸಿಯರಾಗಿ ವರ್ಗವಾದ ನನಗೆ ವರದಾ ಹೊಳೆ ದಾಟಿಸುವ ದೋಣಿಯ ಉಸ್ತುವಾರಿಯೂ ಅಂಟಿಕೊಂಡಿತು. "ಒಂದು ಸಲ ಮಗುಚಿದರೂ ದೋಣಿ ನಿಲ್ಲಿಸಿಬಿಡ್ತೀನಿ" ಎಂದಿದ್ದರು ತಾಲ್ಲೂಕಿನ ಅಮಲ್ದಾರರು. ನಿಲ್ಲಿಸಿದರೆ ಆಚೆ ದಡದವರು ಮಳೆಗಾಲವಿಡೀ ಸಂತೆ, ಆಸ್ಪತ್ರೆ ಕಾಣುವಂತಿರಲಿಲ್ಲ.

೧. ಮರ್ಯಾದೆ

ಮೊದಲ ದಿನ ದೋಣಿ ತುಂಬಿದ ಮೇಲೆ ಊರಗೌಡರು ಕಾಲಿಟ್ಟರು. ಕೂತವರೆಲ್ಲ ಗೌರವದಿಂದ ಒಟ್ಟಿಗೇ ಎದ್ದರು. ದೋಣಿ ವಾಲಿತು.

"ಕೂತ್ಕೊಳ್ರೀ! ದೋಣಿಯಲ್ಲಿ ಯಾರು ಬಂದರೂ ಏಳಕೂಡದು!" ಎಂದು ಗದರಿದೆ.

ಗೌಡರ ಮುಖ ಸಣ್ಣದಾಯಿತು. "ಹಂಗಾದ್ರೆ ನಾನು ಬಂದಿದ್ದು ಯಾರಿಗಾದ್ರೂ ಗೊತ್ತಾಗೋದು ಹ್ಯಾಂಗ್ರೀ?"

೨. ಬುರುಡೆ

ಈಜು ಬಾರದವರು ಅಪ್ಪಿಕೊಂಡು ತೇಲಲಿ ಎಂದು ಒಣಗಿದ ಸೋರೆಬುರುಡೆಗಳನ್ನು ದೋಣಿಯಂಚಿಗೆ ಕಟ್ಟಿಸಿದೆ. ಕೆಲ ದಿನ ಬಿಟ್ಟು ಒಂದನ್ನು ಎತ್ತಿದರೆ ಕಲ್ಲಿನ ಭಾರ. ಒಳಗೆ ಬಿತ್ತನೆಯ ಹೆಸರುಕಾಳು!

"ನಾನೇ ತುಂಬಿದ್ದು ಸ್ವಾಮಿ. ಸುಮ್ನೆ ಖಾಲಿ ಇತ್ತಲ್ಲ. ಮನೇಲಿ ಇಲಿ ಕಾಟ" ಎಂದಳು ಒಬ್ಬ ಅಜ್ಜಿ.

"ದೋಣಿ ಮುಳುಗಿದರೆ ಏನಮ್ಮಾ ಗತಿ?"

"ಮುಳುಗೋಕೆ ಮುಂಚೆ ಒಂದು ಮಾತು ಹೇಳಿ ಕಳಿಸಿ. ಬಂದು ಸುರುವ್ಕೊಂಡು ಹೋಗ್ತೀನಿ."

೩. ತಪಾಸಣೆ

ಅಮಲ್ದಾರರು ಖುದ್ದಾಗಿ ತಪಾಸಣೆಗೆ ಬಂದರು. ಅವರು ದೋಣಿ ಹತ್ತಿದಾಗ ಒಬ್ಬರೂ ಏಳಲಿಲ್ಲ. ಗೌಡರು ಸಹ ಕೂತಲ್ಲೇ ಕೈಮುಗಿದರು. "ಶಿಸ್ತು ಅಂದ್ರೆ ಇದು ಕಣ್ರೀ" ಎಂದು ಅಮಲ್ದಾರರು ಮೆಚ್ಚಿದರು. ನನ್ನ ಎದೆ ಉಬ್ಬಿತು.

ಆಚೆ ದಡ ಇನ್ನೇನು ಬಂತು. ಅಲ್ಲಿ ಛತ್ರಿ ಹಿಡಿದ ಮುದುಕರೊಬ್ಬರು ದೋಣಿಗಾಗಿ ಕಾಯುತ್ತಿದ್ದರು. ಅಮಲ್ದಾರರು ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯಯ್ಯೋ, ನಮ್ಮ ಶಿಕಾರಿಪುರದ ಮೇಷ್ಟ್ರು! ನನಗೆ ಬೆತ್ತದ ಏಟು ಕೊಟ್ಟು ಕಲಿಸಿದವರು!" ಎಂದವರೇ ಥಟ್ಟನೆ ಎದ್ದು ಕೈಮುಗಿದರು. ಅಮಲ್ದಾರರೇ ಎದ್ದ ಮೇಲೆ ಉಳಿದವರು ಕೂತಿರುವುದುಂಟೆ? ದೋಣಿ ಮಗುಚಿತು.

ಪುಣ್ಯಕ್ಕೆ ಅಲ್ಲಿ ಮೊಣಕಾಲುದ್ದ ನೀರು. ಎಲ್ಲರೂ ಎದ್ದು ನಿಂತರು. ಇನ್ನು ದೋಣಿ ಸಂಚಾರ ನಿಂತಂತೆಯೇ ಎಂದು ನಾನು ಅಮಲ್ದಾರರ ಮುಖ ನೋಡಿದೆ. ಪೇಟದಿಂದ ನೀರಿಳಿಯುತ್ತಿತ್ತು. ಮುಗಿದ ಕೈ ಬಿಡದೆ ನನ್ನತ್ತ ವಾಲಿ, "ದೋಣಿ ಮಗುಚಿದ್ದನ್ನ ನಾನಂತೂ ನೋಡ್ಲಿಲ್ಲ. ನೀವು ನೋಡಿದ್ರೇನ್ರೀ?" ಎಂದು ಪಿಸುಗುಟ್ಟಿದರು.

ನಾನು ಸುಳ್ಳು ಹೇಳುವವನಲ್ಲ. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ದಡದ ಮೇಲಿಂದ ಕೈ ಬೀಸಿದರು: "ಇರ್ಲಿ, ಇರ್ಲಿ. ಏಳಬೇಡ್ರಪ್ಪಾ, ಕೂತ್ಕೊಳ್ರಿ."

ಎಲ್ಲರೂ ನೀರಿನಲ್ಲೇ ಕೂತರು. ಮೊದಲು ಕೂತವರು ಅಮಲ್ದಾರರು.